ಗೆರೆ ಎಳೆಯುವ ಹೊತ್ತು: ಬೆಳೆಯುವ ಸೀಮೆಯಲ್ಲಿ ರಸ್ತೆ, ನೆಲ ಮತ್ತು ಹಣ

(ದೊಡ್ಡಬಳ್ಳಾಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ರಸ್ತೆಯ ಮಾತು ನಮ್ಮಲ್ಲಿ ಸಾಮಾನ್ಯವಾಗಿ ಗುಂಡಿಯಿಂದ ಶುರುವಾಗಿ ಗುತ್ತಿಗೆದಾರನ ಹತ್ತಿರ ಮುಗಿಯುತ್ತದೆ. ಇವತ್ತು ನಿಮ್ಮನ್ನು ಅದಕ್ಕಿಂತ ಹಿಂದಕ್ಕೆ, ಡಾಂಬರು ಬೀಳುವ ಹತ್ತಿಪ್ಪತ್ತು ವರ್ಷ ಮೊದಲಿನ ತೀರ್ಮಾನಗಳ ಹತ್ತಿರಕ್ಕೆ ಕರೆದೊಯ್ಯಬೇಕೆಂದಿದ್ದೇನೆ. ಗೆರೆ ಯಾವ ಸರ್ವೆ ನಂಬರಿನ ಮೇಲೆ ಹಾಯಬೇಕು, ಆ ನೆಲಕ್ಕೆ ಯಾರು ಎಷ್ಟು ಕೊಡಬೇಕು, ರಸ್ತೆ ಬಂದ ಮೇಲೆ ಏರುವ ಬೆಲೆ ಯಾರ ಕೈ ಸೇರಬೇಕು ಎಂಬ ತೀರ್ಮಾನಗಳು ಅವು.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಬೇಗ ಬೆಳೆಯುವ ಸೀಮೆಯಲ್ಲಿ ರಸ್ತೆಗೆ ಬೇಕಾದ ದುಡ್ಡಿನ ಬಹುಪಾಲು ಆ ರಸ್ತೆಯ ಅಕ್ಕಪಕ್ಕದ ನೆಲದಲ್ಲೇ ಹುಟ್ಟುತ್ತದೆ. ಗೆರೆಯನ್ನು ಹೊತ್ತಿಗೆ ಸರಿಯಾಗಿ ಎಳೆದು, ನೆಲ ಕೊಟ್ಟವರನ್ನು ಪಾಲುದಾರರನ್ನಾಗಿ ಮಾಡಿಕೊಂಡರೆ ಆ ದುಡ್ಡು ರಸ್ತೆಗೆ ಸಿಗುತ್ತದೆ. ತಡಮಾಡಿದರೆ ಏರಿದ ಬೆಲೆಯೇ ರಸ್ತೆಗೆ ಉರುಳಾಗುತ್ತದೆ. ಬೆಂಗಳೂರು ಸೀಮೆಯ ಐವತ್ತು ವರ್ಷದ ಅನುಭವ ನನಗೆ ಕಲಿಸಿದ್ದು ಇಷ್ಟು.

ದಾರಿ ಮೊದಲು, ಮನೆ ಆಮೇಲೆ

ಬೆಂಗಳೂರಿಗೆ ಯೋಜನೆ ಗೊತ್ತೇ ಇರಲಿಲ್ಲ ಎನ್ನುವುದು ಸುಳ್ಳು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಮಲ್ಲೇಶ್ವರ, ಬಸವನಗುಡಿಗಳನ್ನು ರೂಪಿಸಿದಾಗ ಮೊದಲು ರಸ್ತೆಯ ಗೆರೆ ಬಿತ್ತು, ಮನೆ ಆಮೇಲೆ ಬಂತು. ಮನೆಗಳ ಹಿಂದೆ ಪೌರಕಾರ್ಮಿಕರು ಓಡಾಡಲು ಓಣಿಯನ್ನೂ ಬಿಟ್ಟಿದ್ದರು. 1898ರ ಪ್ಲೇಗಿನಲ್ಲಿ ಪೇಟೆಯ ಇಕ್ಕಟ್ಟು ಬಿಟ್ಟು ಜನ ಹೊರಬಂದಾಗ ಅವರಿಗೆ ಸಿದ್ಧವಾದ ಬೀದಿಗಳು ಸಿಕ್ಕವು. 1945ರಲ್ಲಿ ನಗರ ಸುಧಾರಣಾ ಮಂಡಳಿ ಬಂತು, ಅದರ ಕೈಯಲ್ಲಿ ಜಯನಗರದಂಥ ದೊಡ್ಡ ಬಡಾವಣೆ ಮೂಡಿತು. ಇಂದಿಗೂ ಈ ಬಡಾವಣೆಗಳಲ್ಲಿ ಬಸ್ಸು ತಿರುಗುತ್ತದೆ, ಮರ ನಿಂತಿದೆ, ಚರಂಡಿ ಎಲ್ಲಿದೆ ಎಂದು ಗೊತ್ತಾಗುತ್ತದೆ.

ಆಮೇಲೆ ಜನಸಂಖ್ಯೆ ಯೋಜನೆಯನ್ನು ಹಿಂದೆ ಹಾಕಿತು. 1951ರಲ್ಲಿ ಎಂಟು ಲಕ್ಷಕ್ಕೂ ಕಡಿಮೆಯಿದ್ದ ಊರು 1981ಕ್ಕೆ 29 ಲಕ್ಷವಾಯಿತು. 2011ರ ಜನಗಣತಿಯಲ್ಲಿ ಪಾಲಿಕೆಯ ವ್ಯಾಪ್ತಿಯಲ್ಲೇ 84 ಲಕ್ಷ ಜನ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಒಂದು ಬಡಾವಣೆ ಮುಗಿಸುವಷ್ಟರಲ್ಲಿ ಅದರ ಸುತ್ತ ಹತ್ತು ಕಂದಾಯ ಬಡಾವಣೆಗಳು ಎದ್ದಿರುತ್ತಿದ್ದವು. ಒಬ್ಬ ರೈತನ ಎರಡು ಎಕರೆ, ಪಕ್ಕದವನ ಮೂರು ಎಕರೆ. ಸೈಟು ಮಾಡಿದವನು ಬಿಟ್ಟಷ್ಟೇ ರಸ್ತೆ, ಇಪ್ಪತ್ತು ಅಡಿಯೋ ಹದಿನೈದು ಅಡಿಯೋ. ಒಬ್ಬನ ರಸ್ತೆ ಇನ್ನೊಬ್ಬನ ಬೇಲಿಗೆ ಬಂದು ನಿಲ್ಲುತ್ತಿತ್ತು. ಇವೆಲ್ಲವನ್ನೂ ಕೂಡಿಸುತ್ತಿದ್ದುದು ಕಂದಾಯ ಇಲಾಖೆಯ ನಕಾಶೆ ಕಂಡ ದಾರಿಗಳು, ಎತ್ತಿನ ಗಾಡಿಗಾಗಿ ಇದ್ದ ಬಂಡಿ ದಾರಿಗಳು. ಕಂಪನಿ ಬಸ್ಸುಗಳೂ ಜಲ್ಲಿ ಲಾರಿಗಳೂ ಓಡಾಡಬೇಕಾಗಿ ಬಂದದ್ದು ಈ ದಾರಿಗಳಲ್ಲೇ.

2007ರಲ್ಲಿ ನೂರು ವಾರ್ಡುಗಳ ಹಳೆಯ ಮಹಾನಗರಪಾಲಿಕೆಗೆ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಮಾಡಿದರು. ಕಾಗದದ ಮೇಲೆ ಹಳ್ಳಿ ನಗರವಾಯಿತು, ದಾರಿಯ ಅಗಲ ಹಳ್ಳಿಯದ್ದೇ ಉಳಿಯಿತು. ಕಟ್ಟಡ ಎದ್ದ ಮೇಲೆ ಅಂಥ ದಾರಿಯನ್ನು ಅಗಲ ಮಾಡುವುದೆಂದರೆ ಅಂಗಡಿ ಒಡೆಯಬೇಕು, ಮನೆಯ ಮುಂಭಾಗ ಕತ್ತರಿಸಬೇಕು. ದುಡ್ಡಿನ ಬದಲು ಟಿಡಿಆರ್ ಕೊಡುತ್ತೇವೆಂದರು, ಅಂದರೆ ಬೇರೆಡೆ ಹೆಚ್ಚು ಕಟ್ಟುವ ಹಕ್ಕಿನ ಪತ್ರ. ಅದನ್ನು ನಂಬಿ ನೆಲ ಬಿಟ್ಟುಕೊಟ್ಟವರು ಕಡಿಮೆ. ಹೊಲವಾಗಿದ್ದಾಗ ಹತ್ತು ಅಡಿ ಹೆಚ್ಚಾಗಿ ಬಿಡಿಸಿಕೊಳ್ಳುವುದು ಒಂದು ಸಹಿಯ ಕೆಲಸ. ಅದೇ ಹತ್ತು ಅಡಿ ಮೂವತ್ತು ವರ್ಷದ ಮೇಲೆ ಕೋರ್ಟು, ಪೊಲೀಸು, ಕೋಟಿಗಟ್ಟಲೆ ಪರಿಹಾರದ ಕೆಲಸ.

ಒಂದು ವರ್ತುಲದ ಕಥೆ

ಹೊರ ವರ್ತುಲ ರಸ್ತೆಯನ್ನು, ನಾವು ರಿಂಗ್ ರೋಡ್ ಎನ್ನುವ ಸುಮಾರು 60 ಕಿ.ಮೀ. ರಸ್ತೆಯನ್ನು, ಬಿಡಿಎ ಹಂತಹಂತವಾಗಿ ಕಟ್ಟಿ ಈ ಶತಮಾನದ ಆರಂಭಕ್ಕೆ ಮುಗಿಸಿತು. ಲಾರಿಗಳು ಊರೊಳಗೆ ಬಾರದಿರಲಿ ಎಂದು ಮಾಡಿದ ರಸ್ತೆ ಕೆಲವೇ ವರ್ಷಗಳಲ್ಲಿ ಐಟಿ ಕಂಪನಿಗಳ ಮುಖ್ಯ ಬೀದಿಯಾಯಿತು. ಇನ್ನೂ ಹೊರಗೆ ಒಂದು ವರ್ತುಲ ಬೇಕು ಎಂದು ಎಲ್ಲರಿಗೂ ಅರ್ಥವಾಯಿತು. ನೈಋತ್ಯದ ಅರ್ಧವನ್ನು ಖಾಸಗಿ ಸಂಸ್ಥೆಯ ನೈಸ್ ರಸ್ತೆ ತುಂಬುವುದಿತ್ತು. ತುಮಕೂರು ರಸ್ತೆಯಿಂದ ಬಳ್ಳಾರಿ ರಸ್ತೆ, ಹಳೇ ಮದ್ರಾಸ್ ರಸ್ತೆಗಳನ್ನು ದಾಟಿ ಹೊಸೂರು ರಸ್ತೆಗೆ ಸೇರುವ ಉಳಿದ ಅರ್ಧವೇ ಪೆರಿಫೆರಲ್ ರಿಂಗ್ ರಸ್ತೆ.

2005ರಲ್ಲಿ ಅದಕ್ಕೆ ಪ್ರಾಥಮಿಕ ಅಧಿಸೂಚನೆ ಬಂತು, 2007ರಲ್ಲಿ ಅಂತಿಮ ಅಧಿಸೂಚನೆ. ನೆಲ ಸುಮಾರು 1,810 ಎಕರೆ. ಅಲ್ಲಿಂದ ಮುಂದೆ ಹೆಚ್ಚುಕಡಿಮೆ ಎರಡು ದಶಕ ಗೆರೆ ಕಾಗದದ ಮೇಲೇ ಇತ್ತು. ಆ ಗೆರೆಯೊಳಗೆ ಸಿಕ್ಕಿದ ರೈತನ ಪಾಡು ಯೋಚಿಸಿ. ಜಮೀನು ಮಾರುವ ಹಾಗಿಲ್ಲ, ಕೊಳ್ಳುವವರು ಬರುವುದಿಲ್ಲ. ಬ್ಯಾಂಕು ಸಾಲ ಕೊಡುವುದಿಲ್ಲ. ಮನೆ ಕಟ್ಟುವ ಹಾಗಿಲ್ಲ. ಪರಿಹಾರವೂ ಕೈಗೆ ಬರಲಿಲ್ಲ. ಗೆರೆಯಿಂದ ಒಂದು ಫರ್ಲಾಂಗು ಆಚೆಗಿದ್ದವನು ಮಾತ್ರ ರಸ್ತೆ ಬರುತ್ತದೆ ಎಂಬ ಸುದ್ದಿಯ ಬಲದಿಂದಲೇ ಹಲವು ಪಟ್ಟು ಬೆಲೆಗೆ ಮಾರಿಕೊಂಡ. ಒಂದೇ ಊರಿನ ಇಬ್ಬರಲ್ಲಿ ಒಬ್ಬನಿಗೆ ವರ, ಇನ್ನೊಬ್ಬನಿಗೆ ಶಾಪ.

ಈ ನಡುವೆ ಕಾನೂನೂ ಬದಲಾಯಿತು. 1894ರ ಭೂಸ್ವಾಧೀನ ಕಾಯ್ದೆಯ ಜಾಗಕ್ಕೆ 2014ರ ಜನವರಿಯಿಂದ 2013ರ ಹೊಸ ಕಾಯ್ದೆ ಬಂತು. ಅದರಡಿ ಹಳ್ಳಿಗಾಡಿನ ನೆಲಕ್ಕೆ ಮಾರುಕಟ್ಟೆ ದರದ ನಾಲ್ಕು ಪಟ್ಟಿನವರೆಗೆ ಪರಿಹಾರ ಸಿಗಬಹುದು. ಬಿಡಿಎ ತನ್ನ 1976ರ ಕಾಯ್ದೆಯಡಿ ಸ್ವಾಧೀನ ಮಾಡುವ ಜಮೀನಿಗೆ ಈ ಹೊಸ ಕಾಯ್ದೆ ಅನ್ವಯಿಸದು ಎಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇಪ್ಪತ್ತು ವರ್ಷ ಕಾಯಿಸಿ ಹಳೆಯ ಲೆಕ್ಕದಲ್ಲಿ ಪರಿಹಾರ ಕೊಡುವುದು ಯಾವ ನ್ಯಾಯ ಎಂದು ರೈತರು ಕೇಳಿದರು. ಆ ಪ್ರಶ್ನೆಗೆ ಕಾನೂನಿನ ಉತ್ತರ ಇದ್ದಿರಬಹುದು. ನೀತಿಯ ಉತ್ತರ ಇರಲಿಲ್ಲ.

ಈಗ ಹಣದ ಲೆಕ್ಕಕ್ಕೆ ಬನ್ನಿ. ಯೋಜನೆಗೆ ಬೆಂಗಳೂರು ಬಿಸಿನೆಸ್ ಕಾರಿಡಾರ್ ಎಂದು ಹೊಸ ಹೆಸರಿಟ್ಟ ಹೊತ್ತಿಗೆ ಅಂದಾಜು ಸುಮಾರು 27,000 ಕೋಟಿ ರೂಪಾಯಿಗೆ ಏರಿತ್ತು. ಅದರಲ್ಲಿ ಸುಮಾರು 21,000 ಕೋಟಿ ಭೂಸ್ವಾಧೀನಕ್ಕೆ, 6,000 ಕೋಟಿ ನಿರ್ಮಾಣಕ್ಕೆ. ನೂರು ರೂಪಾಯಿಯಲ್ಲಿ 78 ನೆಲಕ್ಕೆ, 22 ರಸ್ತೆಗೆ. ನೆಲದ ಹಣವನ್ನೂ ಖಾಸಗಿಯವರೇ ಹಾಕಿ, ಟೋಲ್ ಎತ್ತಿ ತೀರಿಸಿಕೊಳ್ಳಲಿ ಎಂದು ಟೆಂಡರು ಕರೆದಾಗ ಮುಂದೆ ಬಂದವರು ವಿರಳ. ಟೋಲಿನಲ್ಲಿ ಡಾಂಬರಿನ ಸಾಲ ತೀರೀತು. ಬೆಂಗಳೂರಿನ ನೆಲದ ಬೆಲೆ ತೀರುವುದು ಕಷ್ಟ. ಕೊನೆಗೆ ಸರ್ಕಾರ ಸಾಲದ ದಾರಿ ನೋಡಿತು. ಹಣದ ಬದಲು ಅಭಿವೃದ್ಧಿಪಡಿಸಿದ ನೆಲವನ್ನೇ ರೈತರಿಗೆ ಕೊಡುವ ಆಯ್ಕೆಗಳನ್ನೂ ಮುಂದಿಟ್ಟಿತು. ಮೊದಲ ದಿನವೇ ಇಡಬೇಕಿದ್ದ ಮಾತು ಅದು.

ಅಹಮದಾಬಾದ್, ಹೈದರಾಬಾದ್

ಬೇರೆ ಊರುಗಳು ಏನು ಮಾಡಿದವು? ಅಹಮದಾಬಾದಿನ ಸುತ್ತ ಸರ್ದಾರ್ ಪಟೇಲ್ ವರ್ತುಲ ರಸ್ತೆ ಇದೆ. 76 ಕಿ.ಮೀ. ಉದ್ದ, 60 ಮೀಟರ್ ಅಗಲ. ಅದಕ್ಕೆ ಬೇಕಾದ ನೆಲದ ಬಹುಪಾಲನ್ನು ಅಲ್ಲಿನ ಪ್ರಾಧಿಕಾರ ದುಡ್ಡು ಕೊಟ್ಟು ಸ್ವಾಧೀನ ಮಾಡಿಕೊಳ್ಳಲಿಲ್ಲ. ಟೌನ್ ಪ್ಲಾನಿಂಗ್ ಸ್ಕೀಮ್ ಎಂಬ ಪದ್ಧತಿಯಲ್ಲಿ ಪಡೆಯಿತು.

ಪದ್ಧತಿ ಹೀಗಿದೆ. ನೂರಾರು ಎಕರೆಯ ಎಲ್ಲ ಜಮೀನನ್ನೂ ಒಟ್ಟಿಗೆ ಒಂದು ನಕ್ಷೆಗೆ ತರುತ್ತಾರೆ. ಪ್ರತಿಯೊಬ್ಬರಿಂದಲೂ ಒಂದು ಪಾಲು ತೆಗೆದುಕೊಂಡು ರಸ್ತೆ, ಉದ್ಯಾನ, ಶಾಲೆ, ಬಡವರ ವಸತಿಗೆ ಇಡುತ್ತಾರೆ. ಸ್ವಲ್ಪ ನೆಲವನ್ನು ಪ್ರಾಧಿಕಾರ ಮಾರಿ ಕಾಮಗಾರಿಯ ಹಣ ಹೊಂದಿಸಿಕೊಳ್ಳುತ್ತದೆ. ಗುಜರಾತಿನ 1976ರ ಕಾಯ್ದೆ ಹೀಗೆ ಅರ್ಧದಷ್ಟು ನೆಲದವರೆಗೆ ತೆಗೆದುಕೊಳ್ಳಲು ಬಿಡುತ್ತದೆ. ಉಳಿದದ್ದನ್ನು ಚೊಕ್ಕ ಆಕಾರದ, ರಸ್ತೆಗೆ ಮುಖ ಮಾಡಿದ ನಿವೇಶನವಾಗಿ ಅದೇ ಮಾಲೀಕನಿಗೆ ಮರಳಿಸುತ್ತಾರೆ. ನೆಲ ಕಡಿಮೆಯಾಗುತ್ತದೆ, ಬೆಲೆ ಹೆಚ್ಚುತ್ತದೆ. ಗೆರೆಯೊಳಗಿನವನು, ಗೆರೆಯಾಚೆಯವನು ಎಂಬ ಭೇದ ಇಲ್ಲ. ಎಲ್ಲರೂ ಸ್ವಲ್ಪ ಕೊಡುತ್ತಾರೆ, ಎಲ್ಲರಿಗೂ ಸ್ವಲ್ಪ ಸಿಗುತ್ತದೆ. 1999ರ ತಿದ್ದುಪಡಿಯ ಮೇಲೆ, ಕರಡು ಯೋಜನೆಗೆ ಮಂಜೂರಾತಿ ಸಿಕ್ಕ ಕೂಡಲೇ ರಸ್ತೆ ಮಾಡಬಹುದು, ಉಳಿದ ತಕರಾರುಗಳು ನಂತರ ಇತ್ಯರ್ಥವಾಗುತ್ತವೆ.

ಇದರಲ್ಲೂ ಕೊರತೆಗಳಿವೆ. ಅಂತಿಮ ತೀರ್ಮಾನಕ್ಕೆ ವರ್ಷಗಳು ಹಿಡಿಯುತ್ತವೆ. ಅದಕ್ಕಿಂತ ದೊಡ್ಡ ಕೊರತೆ, ನೆಲವಿಲ್ಲದ ಕೂಲಿಯವನಿಗೆ, ಗೇಣಿ ಮಾಡುವವನಿಗೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ. ಹೊಲ ಸೈಟಾದ ದಿನ ಅವನ ದುಡಿಮೆ ಹೋಗುತ್ತದೆ. ನಾವು ಈ ಪದ್ಧತಿಯನ್ನು ತರುವುದಾದರೆ ಅವನಿಗೊಂದು ಪಾಲು ಇಟ್ಟೇ ತರಬೇಕು.

ಹೈದರಾಬಾದಿನದು ಬೇರೆ ಬಗೆ. 158 ಕಿ.ಮೀ. ಹೊರ ವರ್ತುಲವನ್ನು ಜಪಾನಿನ ಜೈಕಾ ಸಂಸ್ಥೆಯ ಸಾಲವನ್ನೂ ಬಳಸಿಕೊಂಡು ಕಟ್ಟಿ 2018ರಲ್ಲಿ ಮುಗಿಸಿದರು. 2023ರಲ್ಲಿ ಅದರ ಟೋಲ್ ಹಕ್ಕನ್ನು 30 ವರ್ಷಕ್ಕೆ 7,380 ಕೋಟಿ ರೂಪಾಯಿಗೆ ಖಾಸಗಿ ಸಂಸ್ಥೆಗೆ ಗುತ್ತಿಗೆ ಕೊಟ್ಟರು. ಗುತ್ತಿಗೆಯ ಮೊತ್ತ ಕಡಿಮೆಯಾಯಿತೆಂಬ ತಕರಾರು ಎದ್ದಿತು, ಮಾರ್ಗದ ಗೆರೆ ಹೊರಳಿದ ಬಗ್ಗೆ ಹಿಂದೆಯೇ ಆರೋಪಗಳಿದ್ದವು. ಆದರೂ ಒಂದು ಸಂಗತಿ ನಮಗೆ ಪಾಠ. ಅದೇ 2023ರಲ್ಲಿ ವರ್ತುಲದ ಪಕ್ಕದ ಕೋಕಾಪೇಟೆಯಲ್ಲಿ ಸಾರ್ವಜನಿಕ ಪ್ರಾಧಿಕಾರದ ಕೈಯಲ್ಲಿದ್ದ ನೆಲ ಹರಾಜಾದಾಗ ಒಂದು ನಿವೇಶನಕ್ಕೆ ಎಕರೆಗೆ 100 ಕೋಟಿ ದಾಟಿ ಕೂಗು ಬಂತು. ರಸ್ತೆ ಹುಟ್ಟಿಸಿದ ಬೆಲೆಯಲ್ಲಿ ಒಂದಂಶವಾದರೂ ಬೊಕ್ಕಸಕ್ಕೆ ಮರಳಿತು.

ಯಾರು ಕೊಡಬೇಕು?

ರಸ್ತೆಗೆ ದುಡ್ಡು ಬರುವ ದಾರಿಗಳು ಮೂರು. ಎಲ್ಲರ ತೆರಿಗೆ, ಬಳಸುವವರ ಶುಲ್ಕ, ನೆಲದ ಬೆಲೆ ಏರಿ ಲಾಭ ಪಡೆದವರ ಪಾಲು.

ಮೊದಲನೆಯದು ನಮಗೆ ಚಿರಪರಿಚಿತ. ಬಜೆಟ್ಟು, ಅನುದಾನ, ಕ್ರಿಯಾ ಯೋಜನೆ, ಶಾಸಕರ ಶಿಫಾರಸು. ವಾಹನ ಕೊಂಡಾಗ ನಾವು ಕಟ್ಟುವ ಜೀವಿತಾವಧಿ ತೆರಿಗೆ ರಾಜ್ಯದ ಸಂಚಿತ ನಿಧಿಗೆ ಸೇರುತ್ತದೆ, ಅದರಿಂದ ರಸ್ತೆಗೆ ಎಷ್ಟು ಎಂಬುದು ಪ್ರತಿ ವರ್ಷದ ರಾಜಕೀಯ ತೀರ್ಮಾನ.

ಎರಡನೆಯದು ಟೋಲು ಮತ್ತು ಇಂಧನದ ಸೆಸ್. 2000ದ ಕೇಂದ್ರ ರಸ್ತೆ ನಿಧಿ ಕಾಯ್ದೆಯಿಂದ ಪೆಟ್ರೋಲ್, ಡೀಸೆಲ್ಲಿನ ಮೇಲಿನ ಸೆಸ್ಸಿಗೆ ಕಾನೂನಿನ ಆಧಾರ ಸಿಕ್ಕಿತು. ವಿದ್ಯುತ್ ವಾಹನ ಹೆಚ್ಚಿದಂತೆ ಈ ಒರತೆ ಬತ್ತುತ್ತದೆ. ಟೋಲಿನ ಮಿತಿ ಕಾಣಬೇಕೆಂದರೆ ಬೆಂಗಳೂರು-ಮೈಸೂರು ಹೆದ್ದಾರಿಯನ್ನು ನೋಡಿ. 119 ಕಿ.ಮೀ.ಗೆ ಸುಮಾರು 8,480 ಕೋಟಿ, ಅಂದರೆ ಕಿ.ಮೀ.ಗೆ 71 ಕೋಟಿ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಈ ರಸ್ತೆಯಲ್ಲಿ ಕಾರಿನವರಿಗೆ ಹೊತ್ತು ಉಳಿಯಿತು. ಅದೇ ವರ್ಷದ ಆಗಸ್ಟಿನಿಂದ ಬೈಕು, ಆಟೋಗಳಿಗೆ ಮುಖ್ಯಪಥದಲ್ಲಿ ಪ್ರವೇಶ ಇಲ್ಲವಾಯಿತು. ಬೈಪಾಸು ಬಂದ ಮೇಲೆ ಚನ್ನಪಟ್ಟಣದ ಗೊಂಬೆ ಅಂಗಡಿ, ಮದ್ದೂರಿನ ವಡೆ ಹೋಟೆಲುಗಳ ಮುಂದೆ ನಿಲ್ಲುವ ವಾಹನಗಳೂ ಕಡಿಮೆಯಾದವು. ದೂರದ ಊರುಗಳನ್ನು ಜೋಡಿಸುವ ಹೆದ್ದಾರಿಗೆ ಟೋಲು ಸರಿಹೊಂದಬಹುದು. ನಿತ್ಯ ಹಾಲು, ರೇಷ್ಮೆಗೂಡು, ಶಾಲೆಯ ಮಕ್ಕಳು ಓಡಾಡುವ ತಾಲ್ಲೂಕಿನ ರಸ್ತೆಗೆ ಅದು ಸಲ್ಲದು.

ಮೂರನೆಯದೇ ನನ್ನ ವಿಷಯ. ಕರ್ನಾಟಕಕ್ಕೆ ಇದು ಹೊಸತೆಂದು ತಿಳಿಯಬೇಡಿ. ನಮ್ಮ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಟೌನ್ ಪ್ಲಾನಿಂಗ್ ಸ್ಕೀಮಿಗೆ ಒಂದು ಅಧ್ಯಾಯವೇ ಇದೆ. ಅದಕ್ಕೂ ಮೊದಲು, 1915ರ ಮುಂಬಯಿ ಕಾಯ್ದೆಯ ವ್ಯಾಪ್ತಿಯಲ್ಲಿ ನಮ್ಮ ಬೆಳಗಾವಿ, ಧಾರವಾಡ ಸೀಮೆಗಳೂ ಇದ್ದವು. ಭೂ ಅಭಿವೃದ್ಧಿಗೆ ಅನುಮತಿ ಕೊಡುವಾಗ ನೀರು ಸರಬರಾಜು, ವರ್ತುಲ ರಸ್ತೆ, ಕೊಳೆಗೇರಿ ಸುಧಾರಣೆ, ಸಮೂಹ ಸಾರಿಗೆಗೆಂದು ಸೆಸ್ ಮತ್ತು ಸರ್ಚಾರ್ಜ್ ವಿಧಿಸಲು ಅದೇ 1961ರ ಕಾಯ್ದೆಯ 18-ಎ ಕಲಂ ಅವಕಾಶ ಕೊಡುತ್ತದೆ. ಕಾನೂನಿನ ಕೊರತೆ ನಮಗಿಲ್ಲ. ಕಟ್ಟಿದ ಹಣ ಯಾವ ರಸ್ತೆಗೆ ಹೋಯಿತೆಂದು ಕಟ್ಟಿದವನಿಗೆ ಕಾಣುವುದಿಲ್ಲ, ಕೊರತೆ ಅಲ್ಲಿದೆ.

ಕಾಣುವ ಹಾಗೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ನೋಡಬಹುದು. 2013ರಲ್ಲಿ ಅದಕ್ಕೆ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರದ ಸ್ಥಾನ ಸಿಕ್ಕಿತು. ಅಲ್ಲಿನ ಆಸ್ತಿ ತೆರಿಗೆ ಅಲ್ಲೇ ಸಂಗ್ರಹವಾಗುತ್ತದೆ. ಸುತ್ತಲ ಪಂಚಾಯಿತಿಗಳಿಗೆ ಒಂದು ಪಾಲು ಹೋಗಿ, ಉಳಿದದ್ದು ಅಲ್ಲಿನ ರಸ್ತೆ, ದೀಪ, ಚರಂಡಿಗೆ ಖರ್ಚಾಗುತ್ತದೆ. ಹಣವಂತ ಕಂಪನಿಗಳ ಜಾಗ ಅದು, ನಿಜ. ಹಾಗೆಂದೇ ಈ ಮಾದರಿಯನ್ನು ಎಲ್ಲೆಡೆ ಹರಡಿದರೆ ಉಳ್ಳವರ ದ್ವೀಪಗಳಷ್ಟೇ ಉಳಿದಾವು ಎಂಬ ಎಚ್ಚರವೂ ಬೇಕು.

ದುರಸ್ತಿಯ ದುಡ್ಡು

ಬಿಬಿಎಂಪಿಯ ವ್ಯಾಪ್ತಿಯಲ್ಲಿ ಸುಮಾರು 13 ಸಾವಿರ ಕಿ.ಮೀ. ರಸ್ತೆ ಇತ್ತು. ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿ ಮುಂದೆ ಹೋಗಿದೆ. ಹೊಸ ಫ್ಲೈಓವರಿಗೆ ಶಿಲಾನ್ಯಾಸದ ಕಲ್ಲು ಸಿಗುತ್ತದೆ. ಹಳೆಯ ರಸ್ತೆಯ ಮೋರಿ ಬಿಡಿಸುವುದಕ್ಕೆ ಕಲ್ಲು ನೆಡುವವರಿಲ್ಲ. ದುರಸ್ತಿಯ ಬಿಲ್ಲು ಬಾಕಿ ಬಿದ್ದಾಗ ಗುತ್ತಿಗೆದಾರ ಮುಂದಿನ ಕೆಲಸದಲ್ಲಿ ಡಾಂಬರಿನ ದಪ್ಪ ಇಳಿಸುತ್ತಾನೆ. ರಸ್ತೆಯ ನಿಜವಾದ ಶತ್ರು ನೀರು ಮತ್ತು ಅಗೆತ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತದ ನೀರು 2007ರಲ್ಲಿ ನಗರಕ್ಕೆ ಸೇರಿದ ಆ 110 ಹಳ್ಳಿಗಳ ಕಡೆಗೆ ಹರಿಯಿತು. ಬಹುಕಾಲದ ಬಾಯಾರಿಕೆ ಅದು, ಸಂತೋಷವೇ. ಆದರೆ ಕೊಳವೆ ಹಾಕಲು ಅಗೆದ ಬೀದಿಗಳಲ್ಲಿ ಜನ ವರ್ಷಗಟ್ಟಲೆ ಧೂಳು ಕುಡಿದರು. ಮೊದಲೇ ನೆಲದಡಿ ಕೊಳವೆ, ತಂತಿಗಳಿಗೆ ಜಾಗ ಬಿಟ್ಟು ರಸ್ತೆ ಮಾಡುವ ಕ್ರಮವನ್ನು ಟೆಂಡರ್ ಶ್ಯೂರ್ ಹೆಸರಿನಲ್ಲಿ ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಗಳಲ್ಲಿ ಮಾಡಿ ತೋರಿಸಿದ್ದಾರೆ. ಖರ್ಚು ಹೆಚ್ಚು, ಹೌದು. ಒಂದೇ ರಸ್ತೆಯನ್ನು ಮತ್ತೆ ಮತ್ತೆ ಅಗೆದು ಮುಚ್ಚುವ ಖರ್ಚನ್ನು ಯಾರೂ ಒಂದೇ ಪುಸ್ತಕದಲ್ಲಿ ಬರೆಯುವುದಿಲ್ಲ, ಅದಕ್ಕೇ ಅದು ಕಡಿಮೆಯೆಂದು ಕಾಣುತ್ತದೆ.

ಈ ಉಪನ್ಯಾಸ ನಡೆಸುವ ದತ್ತಿಯ ಮೂಲಧನವನ್ನು ಯಾರೂ ಮುಟ್ಟುವುದಿಲ್ಲ, ಅದರ ಬಡ್ಡಿಯಲ್ಲಿ ವರ್ಷವರ್ಷ ಉಪನ್ಯಾಸ ನಡೆಯುತ್ತದೆ. ಪ್ರತಿ ಹೊಸ ರಸ್ತೆಯ ಅಂದಾಜಿನಲ್ಲೂ ಅಂಥದೊಂದು ನಿಧಿ ಸೇರಿರಬೇಕು. ದುರಸ್ತಿಗೆ ಹಣ ಎತ್ತಿಡದ ಯೋಜನೆಗೆ ಆಡಳಿತಾತ್ಮಕ ಮಂಜೂರಾತಿಯೇ ಸಿಗಬಾರದು.

ರಸ್ತೆಯೊಂದರಿಂದಲೇ ಆಗದು

ಅಗಲ ಮಾಡಿದ ರಸ್ತೆ ತುಂಬಿಕೊಳ್ಳುತ್ತದೆ. ಬೆಂಗಳೂರಿನ ಹೊರ ವರ್ತುಲದ ಕಥೆಯೇ ಅದಕ್ಕೆ ಸಾಕ್ಷಿ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುಮಾರು 17 ಕಿ.ಮೀ. ಸುರಂಗ ರಸ್ತೆಗೆ ಹದಿನೇಳು ಸಾವಿರ ಕೋಟಿಗೂ ಮಿಕ್ಕ ಅಂದಾಜು ಬಂದಿದೆ. 148 ಕಿ.ಮೀ. ಉಪನಗರ ರೈಲು ಯೋಜನೆಗೆ 2020ರಲ್ಲಿ ಮಂಜೂರಾದ ಮೊತ್ತ 15,767 ಕೋಟಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಯಾವುದು ಎಷ್ಟು ಜನರನ್ನು ಸಾಗಿಸುತ್ತದೆ ಎಂದು ಕೇಳಿ. ಆ ಉಪನಗರ ರೈಲಿನ ಒಂದು ಮಾರ್ಗ ಹೀಲಲಿಗೆಯಿಂದ ರಾಜಾನುಕುಂಟೆಗೆ ಬರುತ್ತದೆ. ನಿಮ್ಮ ಹೊಸ್ತಿಲಿಗೆ ಬಂದು ನಿಲ್ಲುತ್ತದೆ. ದೊಡ್ಡಬಳ್ಳಾಪುರದವರು ರಸ್ತೆ ಬೇಕೆಂದು ಕೂಗುವಷ್ಟೇ ಗಟ್ಟಿಯಾಗಿ ಆ ಹಳಿ ಮುಂದುವರಿಯಲಿ ಎಂದೂ ಕೂಗಬೇಕು.

ಇದನ್ನೆಲ್ಲ ಒಟ್ಟಿಗೆ ನೋಡುವವರು ಯಾರು? ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರ (ಬಿಎಂಆರ್‌ಡಿಎ) 1985ರ ಕಾಯ್ದೆಯಡಿ ಇದೆ, ಅದರ ವ್ಯಾಪ್ತಿ ಸುಮಾರು 8,000 ಚದರ ಕಿ.ಮೀ. ಮಹಾನಗರ ಭೂಸಾರಿಗೆ ಪ್ರಾಧಿಕಾರಕ್ಕೆ 2022ರ ಕಾಯ್ದೆ ಇದೆ. 2025ರಲ್ಲಿ ಗ್ರೇಟರ್ ಬೆಂಗಳೂರು ಆಡಳಿತದ ಕಾಯ್ದೆ ಜಾರಿಗೆ ಬಂತು. ಪ್ರಾಧಿಕಾರಗಳಿಗೆ ಬರವಿಲ್ಲ, ನಕ್ಷೆಗೆ ಬರ. 2007ರಲ್ಲಿ ಜಾರಿಯಾದ ಮಹಾಯೋಜನೆ 2015ರವರೆಗಿನದು. 2031ರ ಕರಡು 2017ರಲ್ಲಿ ಪ್ರಕಟವಾಗಿ 2020ರಲ್ಲಿ ವಾಪಸಾಯಿತು. ಅವಧಿ ಮುಗಿದ ನಕ್ಷೆ ಹಿಡಿದು ದೇಶದ ಅತಿ ವೇಗದ ಸೀಮೆಯೊಂದು ವರ್ಷಗಟ್ಟಲೆ ಬೆಳೆಯಿತು. ಆ ಖಾಲಿ ಜಾಗದಲ್ಲಿ ಗೆರೆ ಎಳೆದವರು ಸೈಟು ಮಾಡುವವರು.

ಈ ತಾಲ್ಲೂಕಿನಲ್ಲಿ

ಸ್ಯಾಟಲೈಟ್ ಟೌನ್ ರಿಂಗ್ ರಸ್ತೆ ಈಗ ನಿಮ್ಮ ಪಕ್ಕದಲ್ಲೇ ಹಾಯುತ್ತದೆ. ಒಟ್ಟು ಸುಮಾರು 280 ಕಿ.ಮೀ.; ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೊಸಕೋಟೆಗೆ ಹೋಗುವ ಭಾಗ 2024ರಲ್ಲಿ ಉದ್ಘಾಟನೆಯಾಯಿತು. ಮಗ್ಗದ ಊರಿಗೆ ಗೋದಾಮು, ಕಾರ್ಖಾನೆ, ಲೇಔಟುಗಳು ಸಾಲಾಗಿ ಬರುತ್ತಿವೆ. ಹೆದ್ದಾರಿಯನ್ನು ಕೇಂದ್ರ ಸರ್ಕಾರ ಕಟ್ಟಿತು. ಅದರಿಂದ ನಿಮ್ಮ ಹಳ್ಳಿಗಳಿಗೆ ಇಳಿಯುವ ಅರವತ್ತು, ಎಂಬತ್ತು ಅಡಿಯ ರಸ್ತೆಗಳನ್ನು ಕಟ್ಟುವವರು ಯಾರು? ಅವುಗಳ ಗೆರೆ ಈಗ ಬೀಳದಿದ್ದರೆ ಬಂಡಿ ದಾರಿಗಳ ಮೇಲೇ ನಗರ ಎದ್ದ ಬೆಂಗಳೂರಿನ ಮಹದೇವಪುರದಲ್ಲಿ ಆದದ್ದೇ ಇಲ್ಲೂ ಆಗುತ್ತದೆ.

ನನ್ನ ಸಲಹೆಗಳು ಸರಳ. ತಾಲ್ಲೂಕಿನ ನಕಾಶೆ ಕಂಡ ದಾರಿ, ಬಂಡಿ ದಾರಿ, ಖರಾಬು ಜಮೀನುಗಳನ್ನು ಮೊದಲು ಅಳೆದು ಗುರುತಿಸಿ, ಒತ್ತುವರಿ ಆಗದಂತೆ ಕಾಯಬೇಕು. ಅವು ಈಗಾಗಲೇ ಸಾರ್ವಜನಿಕರದು. ಹೊಸ ಕೂಡುರಸ್ತೆಗಳ ಜಾಲವನ್ನು ಮೂವತ್ತು ವರ್ಷದ ಲೆಕ್ಕದಲ್ಲಿ ಗುರುತಿಸಿ, ಹೆದ್ದಾರಿಯ ಕೂಡುಗಳ ಸುತ್ತಲಾದರೂ ಒಂದೆರಡು ಟೌನ್ ಪ್ಲಾನಿಂಗ್ ಸ್ಕೀಮ್ ಮಾಡಿ ನೋಡಬೇಕು. ಗೆರೆ ಎಳೆದ ಮೇಲೆ ಇಷ್ಟು ವರ್ಷದೊಳಗೆ ಪರಿಹಾರವೋ ನಿವೇಶನವೋ ಕೊಡದಿದ್ದರೆ ಆ ಗೆರೆ ತಾನಾಗಿ ಅಳಿಯುವಂತಿರಬೇಕು. ರೈತನನ್ನು ಎರಡು ದಶಕ ಒತ್ತೆಯಿಡುವ ಹಕ್ಕು ಯಾವ ಪ್ರಾಧಿಕಾರಕ್ಕೂ ಬೇಡ. ಭೂಪರಿವರ್ತನೆ, ಲೇಔಟು ಅನುಮತಿಯಿಂದ ಬರುವ ಶುಲ್ಕವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ಯಾವ ಹಳ್ಳಿಯಿಂದ ಎಷ್ಟು ಬಂತು, ಯಾವ ರಸ್ತೆಗೆ ಹೋಯಿತು ಎಂಬ ಲೆಕ್ಕವನ್ನು ಪಂಚಾಯಿತಿ ಕಚೇರಿಯ ಗೋಡೆಗೆ ಬರೆಯಬೇಕು.

ಕೊನೆಯ ಮಾತು ನಿಮ್ಮ ಪಾಲಿನದು. ಮಹಾಯೋಜನೆಯ ಕರಡು ಪ್ರಕಟವಾದಾಗ ಆಕ್ಷೇಪಣೆ, ಸಲಹೆಗಳಿಗೆ ಕಾನೂನು 60 ದಿನ ಕೊಡುತ್ತದೆ. ಆ 60 ದಿನಗಳಲ್ಲಿ ಕಚೇರಿಗೆ ಹೋಗಿ ನಕ್ಷೆ ಬಿಡಿಸಿ ನೋಡುವವರು ಸಾಮಾನ್ಯವಾಗಿ ನೆಲ ಕೊಳ್ಳುವವರು, ನೆಲ ಇರುವವರಲ್ಲ. ಮುಂದಿನ ಕರಡು ಬಂದಾಗ ಇಲ್ಲಿನ ಪಂಚಾಯಿತಿ ಸದಸ್ಯರು, ನೇಕಾರರ ಸಂಘದವರು, ಕಾಲೇಜಿನ ವಿದ್ಯಾರ್ಥಿಗಳು ಸರ್ವೆ ನಂಬರು ಹಿಡಿದು ಆ ಮೇಜಿನ ಮುಂದೆ ನಿಲ್ಲಬೇಕು. ನಮ್ಮ ಊರಿನ ರಸ್ತೆ ಎಲ್ಲಿ ಹಾಯಬೇಕು, ಅದರ ಲಾಭದಲ್ಲಿ ನಮ್ಮ ಪಾಲೆಷ್ಟು ಎಂದು ಲಿಖಿತವಾಗಿ ಕೇಳಬೇಕು. ಬೆಂಗಳೂರಿನ ಒಳಗಿನವರಿಗೆ ಆ ಅವಕಾಶ ತಪ್ಪಿಹೋಗಿದೆ. ದೊಡ್ಡಬಳ್ಳಾಪುರಕ್ಕೆ ಇನ್ನೂ ಕೆಲವು ವರ್ಷಗಳಿವೆ, ಹೆಚ್ಚಿಲ್ಲ.